ಪದಚರ್ಚೆ: ಮೂಳೆ ಆಪರೇಷನ್ ಆದವರು ‘ಗುಣ’ವಾಗುವುದೋ, ‘ವಾಸಿ’ಯಾಗುವುದೋ, ‘ಚೇತರಿಸಿ’ಕೊಳ್ಳುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದ ಹುಡುಕುತ್ತಿದ್ದೇನೆ, ನಿಮ್ಮ ನೆರವು ಬೇಕು.

ಅಮ್ಮನ ಸ್ತನದ ಕ್ಯಾನ್ಸರ್ ತೊಡೆಯ ಮೂಳೆಗೆ ಹರಡಿ, ಮೂಳೆ ಮುರಿದಿತ್ತು. ಒಳಗೆ ರಾಡ್ ಹಾಕಿದ್ದಾರೆ. ಹೊಲಿಗೆ ಬಿಚ್ಚಿ ಆಯಿತು, ಈಗ ರೇಡಿಯೇಷನ್ ನಡೆಯುತ್ತಿದೆ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು. ಅಮ್ಮ ಓದುವುದು ಕನ್ನಡ ಮಾತ್ರ. ಅದಕ್ಕೆ ನಾನೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಮಂಚದ ಎದುರಿನ ಗೋಡೆಗೆ ಅಂಟಿಸಿದೆ.

ಮೊದಲು ‘ಕಾಲಿನಿಂದ ಆದಷ್ಟು ಭಾರ ಹೊರಬಹುದು’ ಎಂದು ಬರೆದಿದ್ದೆ. ಅಮ್ಮ ಓದಿ, ‘ಈ ಕಾಲಲ್ಲಿ ಕೊಡ ಹೊರೋದಾ?’ ಎಂದು ಗಾಬರಿಯಾದಳು. ಹೊಡೆದುಹಾಕಿ ‘ನೋವು ತಾಳುವಷ್ಟು ಕಾಲೂರಿ ನಡೆ’ ಎಂದು ಬರೆದೆ. ತಕ್ಷಣ ಅರ್ಥವಾಯಿತು. ಊರುಗೋಲು ಕಂಡವರಿಗೆ ಕಾಲೂರುವುದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ತೊಡಕಾಗಿದ್ದು ತಲೆಬರಹ. ಅಲ್ಲಿದ್ದ ‘ರಿಕವರಿ’ಗೆ ಏನು ಬರೆಯಲಿ?

‘ಗುಣವಾಗುವುದು’ ಎಂದರೆ ರೋಗವೇ ಹೋಯಿತು ಎಂದಾಗುತ್ತದೆ. ‘ಗುಣಮುಖ’ವನ್ನೂ ನಾವು ಹಾಗೇ ಓದುತ್ತೇವೆ. ಇಲ್ಲಿ ಹಾಗಲ್ಲ. ಆಪರೇಷನ್ ಮಾಡಿದ್ದು ನೋವು ಇಳಿಸಿ ಅವಳನ್ನು ಮತ್ತೆ ಓಡಾಡಿಸುವುದಕ್ಕೆ. ಕ್ಯಾನ್ಸರಿನ ಚಿಕಿತ್ಸೆ ಬೇರೆ ನಡೆಯುತ್ತಿದೆ. ನೆಂಟರು ‘ಮೂಳೆ ಕ್ಯಾನ್ಸರ್’ ಅನ್ನುತ್ತಾರೆ, ಅದೂ ತಪ್ಪು. ಮೂಳೆಗೆ ಹರಡಿದರೂ ಅದು ಸ್ತನದ ಕ್ಯಾನ್ಸರೇ, ಔಷಧಿಯೂ ಅದರದ್ದೇ. ‘ಮೂಳೆ ಕೂಡಿಕೊಂಡಿತಾ?’ ಅಂತ ಇನ್ನೊಂದು ಪ್ರಶ್ನೆ. ರೋಗ ಹೊಕ್ಕ ಮೂಳೆ ಬೇಗ ಕೂಡುವುದಿಲ್ಲ, ಕೆಲವೊಮ್ಮೆ ಕೂಡುವುದೇ ಇಲ್ಲ. ಭಾರ ತಡೆಯುತ್ತಿರುವುದು ರಾಡು. ಅದರ ಬಲದ ಮೇಲೇ ಆಪರೇಷನ್ ಆದ ಮಾರನೇ ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು.

‘ಚೇತರಿಕೆ’ ನನಗೆ ಇಷ್ಟ. ಶಕ್ತಿ ಮರಳುವುದನ್ನಷ್ಟೇ ಹೇಳುತ್ತದೆ, ರೋಗದ ಬಗ್ಗೆ ಸುಳ್ಳು ಹೇಳುವುದಿಲ್ಲ. ಆದರೆ ಅಮ್ಮನ ಬಾಯಲ್ಲಿ ಆ ಪದ ನಾನು ಕೇಳಿಲ್ಲ. ವಾಕರ್ ಹಿಡಿದು ಅಡುಗೆಮನೆ ಹೊಸ್ತಿಲವರೆಗೆ ಹೋಗುತ್ತಾಳೆ. ಅಲ್ಲಿ ಬಾಗಿಲಿಗೆ ಭುಜ ಆನಿಸಿ, ‘ತಡಿ, ಸುಧಾರಿಸ್ಕೊಳ್ತೀನಿ’ ಅನ್ನುತ್ತಾಳೆ. ಅಂದರೆ ಸ್ವಲ್ಪ ಉಸಿರು ತಗೊಳ್ತೀನಿ ಅಂತ. ‘ಎರಡು ತಿಂಗಳಲ್ಲಿ ಸುಧಾರಿಸ್ಕೊಳ್ತೀನಿ’ ಅನ್ನುವಾಗಲೂ ಅದೇ ಪದ.

‘ವಾಸಿ’ಯನ್ನು ಮೊದಲೇ ಕೈಬಿಟ್ಟಿದ್ದೆ, ಅದೂ ‘ಗುಣ’ದ ಹಾಗೇ ಅಂತ. ಮೊನ್ನೆ ಪಕ್ಕದ ಮನೆಯವರು ಬಂದು ‘ಹೇಗಿದೀರಮ್ಮ?’ ಅಂದರು. ಅಮ್ಮ, ‘ಹೋದ ವಾರಕ್ಕಿಂತ ವಾಸಿ’ ಅಂದಳು. ಆಗ ಹೊಳೆಯಿತು. ‘ಕ್ಕಿಂತ’ ಜೊತೆಗಿದ್ದರೆ ವಾಸಿ ಎಂದರೆ ಮೇಲು, ಅಷ್ಟೇ. ‘ಸುಮ್ನೆ ಮಲಗೋದಕ್ಕಿಂತ ನಾಲ್ಕು ಹೆಜ್ಜೆ ನಡೆಯೋದು ವಾಸಿ’ ಅನ್ನುವ ವಾಸಿ. ಅಮ್ಮನ ಸ್ಥಿತಿಗೆ ಇದಕ್ಕಿಂತ ನಿಜವಾದ ಪದ ನನಗೆ ಸಿಕ್ಕಿಲ್ಲ.

ಈಗ ಪ್ರಶ್ನೆ. ‘ಗಾಯ ವಾಸಿಯಾಯ್ತು’ ಅನ್ನುವ ವಾಸಿಯೂ ಈ ವಾಸಿಯೂ ಒಂದೇ ಪದವಾ? ಒಂದೇ ಆಗಿದ್ದರೆ ಯಾವ ಅರ್ಥ ಮೊದಲಿನದು? ಹಳಗನ್ನಡ ಬಲ್ಲವರು ಬಳಕೆ ಸಮೇತ ತಿಳಿಸಿ. ಧಾರವಾಡದ ಕಡೆಯ ‘ಆರಾಮ ಆತೇನ್ರಿ?’ ಎಂಬ ಮಾತು ರೋಗ ಉಳಿದೇ ಇರುವವರಿಗೂ ಹೊಂದುತ್ತದಾ? ಕರಾವಳಿಯವರು ಏನನ್ನುತ್ತೀರಿ? ತಲೆಬರಹದ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.