ಎಲ್ಲವನ್ನೂ ಗೆದ್ದ ಮೇಲೂ ಲೀಸಾ ಕ್ಯಾರಿಂಗ್ಟನ್ ಮತ್ತೆ ನೀರಿಗಿಳಿದದ್ದು ಏಕೆ?

ಪ್ರಶ್ನೆ: ಅಳಿವೆಯ ದಂಡೆ

ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಸೀತಾ ನದಿ ಕಡಲು ಸೇರುವ ಜಾಗಕ್ಕೆ ಹತ್ತಿರದಲ್ಲಿದೆ. ನನ್ನ 15 ವರ್ಷದ ಮಗಳು ಎರಡು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಹಿನ್ನೀರಿನಲ್ಲಿ ಪ್ರವಾಸಿಗರಿಗಾಗಿ ಇಟ್ಟಿರುವ ಕಯಾಕ್ (ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ) ಹಿಡಿದು ಹೊರಡುತ್ತಾಳೆ. ಅವಳ ಅಜ್ಜ ಪಾತಿ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು. ಹಾಗಾಗಿ ಮನೆಯಲ್ಲಿ ಯಾರಿಗೂ ನೀರಿನ ಭಯವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಲೀಸಾ ಕ್ಯಾರಿಂಗ್ಟನ್ ಅವರ ಕಯಾಕ್ ಸ್ಪರ್ಧೆಗಳನ್ನು ಮೊಬೈಲಿನಲ್ಲಿ ನೋಡಿದ ದಿನದಿಂದ ಅವಳ ಬಾಯಲ್ಲಿ ಅವರದೇ ಮಾತು. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಅಮ್ಮಾ, ಟೋಕಿಯೊದಲ್ಲಿ ಮೂರು ಚಿನ್ನ ಗೆದ್ದಾಗ ಅವರಿಗೆ 32 ವರ್ಷ. ಇನ್ನು ಗೆಲ್ಲುವುದಕ್ಕೆ ಏನು ಉಳಿದಿತ್ತು ಅಂತ ಮತ್ತೆ ಮೂರು ವರ್ಷ ಅಷ್ಟು ಕಷ್ಟಪಟ್ಟರು?"

ಛಲ, ಕನಸು ಎಂಬ ಮಾತುಗಳನ್ನು ಹೇಳಿ ಅವಳನ್ನು ಸುಮ್ಮನಾಗಿಸಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಈ ಕ್ರೀಡೆಯನ್ನು ಹತ್ತಿರದಿಂದ ಬಲ್ಲವರು, ಅವರು ನಡೆದು ಬಂದ ದಾರಿಯನ್ನೇ ನೋಡಿ ಇದಕ್ಕೆ ಏನು ಉತ್ತರ ಕಾಣುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪುಪುಕೆಯ ನೆರೆಯವ

ನಾನು ಹಾಸನದವನು, ಹಲವು ವರ್ಷಗಳಿಂದ ಆಕ್ಲೆಂಡಿನ ಉತ್ತರ ಭಾಗದಲ್ಲಿ ನೆಲೆಸಿದ್ದೇನೆ. ಕ್ಯಾರಿಂಗ್ಟನ್ ಅವರು ಅಭ್ಯಾಸ ಮಾಡಿದ ಪುಪುಕೆ ಕೆರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಅದು ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ, ಸುತ್ತಲೂ ಮನೆಗಳಿವೆ. ಅವರ ಪರಿಚಯ ನನಗಿಲ್ಲ. ಬೆಳಗಿನ ನಡಿಗೆಗೆ ಹೋದಾಗ ಸ್ಪರ್ಧಾ ಕಯಾಕ್‌ಗಳು ಸಾಗುವುದನ್ನು ಮಾತ್ರ ನೋಡಿದ್ದೇನೆ. ಜೂನ್, ಜುಲೈ ತಿಂಗಳಲ್ಲಿ ಇಲ್ಲಿ ಚಳಿಗಾಲ. ಇನ್ನೂ ಬೆಳಕು ಹರಿಯುವ ಮೊದಲೇ ದೋಣಿಗಳು ನೀರಿನಲ್ಲಿರುತ್ತವೆ. ಹುಟ್ಟಿನ ಅಲಗು ಕಾಲ್ಬೆರಳಿನ ನೇರಕ್ಕೆ ನೀರಿಗಿಳಿಯುತ್ತದೆ, ಸೊಂಟದಿಂದ ಮೇಲಿನ ದೇಹವೆಲ್ಲ ತಿರುಗುತ್ತದೆ, ಮರುಕ್ಷಣ ಆಚೆ ಬದಿಯ ಅಲಗು ಇಳಿದಿರುತ್ತದೆ. ಇಷ್ಟಾದರೂ ದೋಣಿಯ ಮೂತಿ ಅತ್ತಿತ್ತ ಅಲುಗುವುದಿಲ್ಲ. ಅದನ್ನು ನೋಡಿದ ಮೇಲೆ ಕಯಾಕ್ ಓಡಿಸುವುದು ತೋಳಿನ ಕೆಲಸ ಎಂಬ ನನ್ನ ಕಲ್ಪನೆ ಹೋಯಿತು.

ಅವರು ಬೆಳೆದದ್ದು ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ, ಫಾಕಟಾನೆ ಪಟ್ಟಣದ ಪಕ್ಕದ ಒಹೋಪೆ ಎಂಬ ಕಡಲ ತೀರದಲ್ಲಿ. ಅಲ್ಲಿನ ಮಕ್ಕಳು ಸರ್ಫ್ ಲೈಫ್‌ಸೇವಿಂಗ್ ಕ್ಲಬ್‌ಗಳಿಗೆ ಸೇರಿ, ಅಲೆಗಳಲ್ಲಿ ಸಿಕ್ಕಿಕೊಂಡವರನ್ನು ದಡಕ್ಕೆ ತರುವುದನ್ನು ಆಟದಂತೆ ಕಲಿಯುತ್ತಾರೆ. ಅದರ ಒಂದು ಭಾಗ ಸರ್ಫ್ ಸ್ಕೀ ಎಂಬ ಉದ್ದನೆಯ ಕಿರಿದಾದ ದೋಣಿ. ಕ್ಯಾರಿಂಗ್ಟನ್ ಹುಟ್ಟು ಹಿಡಿದದ್ದು ಹೀಗೆ; ಕೆರೆಯ ನಿಂತ ನೀರಿನ ಸ್ಪರ್ಧೆಗೆ ಬಂದದ್ದು ಆಮೇಲೆ. ನಿಮ್ಮ ಮಗಳ ಹಿಂದೆ ಪಾತಿ ದೋಣಿಯ ಅಜ್ಜ ಇದ್ದಾರೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಅವರು ಮಾವೊರಿ ಮೂಲದವರು, ತೆ ಐಟಾಂಗಾ-ಅ-ಮಾಹಾಕಿ ಮತ್ತು ನಾಟಿ ಪೊರೊ ಬುಡಕಟ್ಟುಗಳಿಗೆ ಸೇರಿದವರು. ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ರಾಜಕೀಯಶಾಸ್ತ್ರ ಮತ್ತು ಮಾವೊರಿ ಅಧ್ಯಯನದಲ್ಲಿ ಪದವಿ ಪಡೆದು, ಬಳಿಕ ಮನಃಶಾಸ್ತ್ರವನ್ನೂ ಓದಿದರು. ದಿನವಿಡೀ ದೇಹವನ್ನು ದಣಿಸಿಕೊಳ್ಳುವವರು ತಮ್ಮ ಮೂಲದ ಬಗ್ಗೆ, ಮನಸ್ಸಿನ ಬಗ್ಗೆ ಓದಲು ಕೂರುತ್ತಾರೆಂದರೆ, ಬದುಕಿನಲ್ಲಿ ಪದಕ ಒಂದೇ ಎಂದು ಅವರು ಭಾವಿಸಿಲ್ಲ ಎಂದು ನಾನು ತಿಳಿಯುತ್ತೇನೆ. ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರವೂ ಅದೇ ಆಗಿದೆ: ಅವರಿಗೆ ನೀರು ಎಂದರೆ ಮನೆ, ಅದಕ್ಕೇ ಹಿಂತಿರುಗಿದರು.

ಉತ್ತರ: ಒಂಬತ್ತನೇ ಲೇನ್

ನಾನು ಭೋಪಾಲದ ದೊಡ್ಡ ಕೆರೆಯಲ್ಲಿ ಕೆಲವು ಕಾಲ ಕಯಾಕ್ ಅಭ್ಯಾಸ ಮಾಡಿದವನು. ದೊಡ್ಡ ಮಟ್ಟಕ್ಕೆ ಹೋಗಲಾಗಲಿಲ್ಲ. ಪುಪುಕೆಯ ನೆರೆಯವರು ಬರೆದದ್ದು ಚೆನ್ನಾಗಿದೆ. ಆದರೆ ನೀರಿನ ಪ್ರೀತಿಯಷ್ಟೇ ಆಗಿದ್ದರೆ ಸರ್ಫ್ ಸ್ಕೀ ಹಿಡಿದು ಸಮುದ್ರಕ್ಕೆ ಹೋಗಬಹುದಿತ್ತಲ್ಲವೇ? ನನಗೆ ಉತ್ತರ ಕಾಣುವುದು ಅವರು ಆರಿಸಿಕೊಂಡ ದೂರಗಳಲ್ಲಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

2011ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಕೆ-1 200 ಮೀಟರ್ ಗೆದ್ದರು. ಕೆ-1 ಎಂದರೆ ಒಬ್ಬರೇ ಕೂರುವ ಕಯಾಕ್. ಕೆ-2, ಕೆ-4 ಎಂದರೆ ಇಬ್ಬರ ಮತ್ತು ನಾಲ್ವರ ದೋಣಿಗಳು. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಚಿನ್ನ ಬಂತು, 44.638 ಸೆಕೆಂಡುಗಳಲ್ಲಿ. 2016ರಲ್ಲಿ ರಿಯೊದಲ್ಲಿ ಮತ್ತೆ ಚಿನ್ನ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮೂರನೆಯ ಸಲ ಚಿನ್ನ, ಅದೂ 38.120 ಸೆಕೆಂಡುಗಳಲ್ಲಿ. ಒಂದೇ ದೂರಕ್ಕೆ ಆರು ಸೆಕೆಂಡಿಗೂ ಮಿಕ್ಕಿದ ವ್ಯತ್ಯಾಸ ನೋಡಿ ಮಗಳು ಬೆರಗಾಗಬಹುದು. ನಮ್ಮ ಕ್ರೀಡೆಯಲ್ಲಿ ಗಾಳಿ ಎದುರಿಗಿತ್ತೇ ಬೆನ್ನಿಗಿತ್ತೇ ಎಂಬುದು ಸಮಯವನ್ನು ಬಹಳ ಬದಲಿಸುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಪಕ್ಕದ ಲೇನನ್ನು ನೋಡುವುದೇ ಸರಿ.

200 ಮೀಟರ್ ಎಂದರೆ ಸುಮಾರು 40 ಸೆಕೆಂಡುಗಳ ಒಂದೇ ಸ್ಫೋಟ. ಉಸಿರಿನ ಲೆಕ್ಕ ಬರುವ ಮುಂಚೆಯೇ ಸ್ಪರ್ಧೆ ಮುಗಿದಿರುತ್ತದೆ. 500 ಮೀಟರ್ ಹಾಗಲ್ಲ, ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಸಮಯ ತೆಗೆದುಕೊಳ್ಳುವ ಅದರಲ್ಲಿ ಶಕ್ತಿಯ ಬಹುಪಾಲು ಉಸಿರಿನಿಂದಲೇ ಬರಬೇಕು. 300 ಮೀಟರ್ ದಾಟಿದ ಮೇಲೆ ಮುಂದೋಳು ಕಲ್ಲಿನಂತಾಗಿ ಹುಟ್ಟಿನ ಮೇಲಿನ ಹಿಡಿತವೇ ತಿಳಿಯದಂತಾಗುವುದನ್ನು ನಾನು ಅನುಭವಿಸಿದ್ದೇನೆ. ರಿಯೊದಲ್ಲಿ ಕ್ಯಾರಿಂಗ್ಟನ್ ಈ 500 ಮೀಟರ್‌ನಲ್ಲೂ ಇಳಿದು ಹಂಗೇರಿಯ ಡನುಟಾ ಕೊಜಾಕ್ ಮತ್ತು ಡೆನ್ಮಾರ್ಕಿನ ಎಮ್ಮಾ ಯೋರ್ಗೆನ್ಸನ್ ಅವರ ಹಿಂದೆ ಕಂಚಿಗೆ ನಿಂತರು. ಅವರ ಇಡೀ ಒಲಿಂಪಿಕ್ ಬದುಕಿನಲ್ಲಿ ಚಿನ್ನವಲ್ಲದ ಪದಕ ಅದೊಂದೇ, ಮತ್ತು ಮುಂದಿನ ಎಂಟು ವರ್ಷಗಳನ್ನು ರೂಪಿಸಿದ್ದು ಆ ಕಂಚು ಎಂದೇ ನಾನು ನಂಬಿದ್ದೇನೆ. 200 ಮೀಟರ್‌ನಲ್ಲಿ ಜಗತ್ತಿಗೇ ಮೊದಲಿಗರಾಗಿದ್ದವರು, ಅದಕ್ಕೆ ಬೇಕಾದ ಸ್ಫೋಟಕ ಶಕ್ತಿಯನ್ನು ಉಳಿಸಿಕೊಂಡೇ ದೇಹಕ್ಕೆ ದೀರ್ಘ ಉಸಿರನ್ನು ಕಲಿಸಬೇಕಿತ್ತು. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಜಾರುತ್ತದೆ. ಅವರ ತರಬೇತುದಾರ ಗಾರ್ಡನ್ ವಾಕರ್, ಓಟ, ಸೈಕಲ್, ಕಯಾಕ್ ಮೂರೂ ಸೇರಿದ ಕೋಸ್ಟ್ ಟು ಕೋಸ್ಟ್ ಸ್ಪರ್ಧೆಯನ್ನು ಗೆದ್ದವರು. ದೀರ್ಘ ದಣಿವಿನ ಒಳಹೊರಗು ಬಲ್ಲ ಅಂಥವರು ಜೊತೆಗಿದ್ದದ್ದು ಸಣ್ಣ ಸಂಗತಿಯಲ್ಲ.

ಟೋಕಿಯೊದಲ್ಲಿ ಅದರ ಫಲ ಕಾಣಿಸಿತು. ಆಗಸ್ಟ್ 3ರಂದು 200 ಮೀಟರ್ ಫೈನಲ್ ಗೆದ್ದು, ಪದಕ ಕೊರಳಿಗೆ ಹಾಕಿಸಿಕೊಂಡು, ಅದೇ ದಿನ ಕೇಟ್ಲಿನ್ ರೀಗಲ್ ಜೊತೆ ಕೆ-2 500 ಮೀಟರ್ ಫೈನಲಿಗೆ ಮರಳಿ ಅದನ್ನೂ ಗೆದ್ದರು. ಎರಡು ದಿನ ಬಿಟ್ಟು ಕೆ-1 500 ಮೀಟರ್ ಕೂಡ ಅವರದಾಯಿತು. ನ್ಯೂಜಿಲೆಂಡಿನವರೇ ಆದ ಕಯಾಕ್ ಪಟು ಇಯಾನ್ ಫರ್ಗ್ಯೂಸನ್ ಅವರು 1984 ಮತ್ತು 1988ರ ಕೂಟಗಳಲ್ಲಿ ಗಳಿಸಿದ್ದ ನಾಲ್ಕು ಚಿನ್ನಗಳ ದಾಖಲೆ ಅಲ್ಲಿಗೆ ಹಿಂದೆ ಸರಿಯಿತು. ಆದರೆ ನಾಲ್ವರ ದೋಣಿಯಲ್ಲಿ ನ್ಯೂಜಿಲೆಂಡ್ ನಾಲ್ಕನೆಯದಾಗಿ, ಪದಕವಿಲ್ಲದೆ ಮರಳಿತು.

ನಿಮ್ಮ ಮಗಳು ಕೇಳಿದ "ಏನು ಉಳಿದಿತ್ತು" ಎಂಬುದಕ್ಕೆ ಇದು ನನ್ನ ಉತ್ತರ: ನಾಲ್ವರ ದೋಣಿ ಉಳಿದಿತ್ತು. ಪ್ಯಾರಿಸ್ ಪಟ್ಟಿಯಿಂದ ಕೆ-1 200 ಮೀಟರ್ ಸ್ಪರ್ಧೆಯನ್ನೇ ತೆಗೆದುಹಾಕಿದ್ದರು. ಮೂರು ಸಲ ಚಿನ್ನ ತಂದುಕೊಟ್ಟ ಸ್ಪರ್ಧೆ ಇಲ್ಲವಾದಾಗ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ತಮಗಿಂತ ಎಷ್ಟೋ ಕಿರಿಯರಾದ ಅಲಿಶಿಯಾ ಹಾಸ್ಕಿನ್, ಒಲಿವಿಯಾ ಬ್ರೆಟ್, ತಾರಾ ವಾನ್ ಅವರೊಡನೆ 11 ಮೀಟರ್ ಉದ್ದದ ದೋಣಿಯಲ್ಲಿ ಕುಳಿತರು. ಕೆ-4ರಲ್ಲಿ ಒಬ್ಬರು ಮಾತ್ರ ಬಲಶಾಲಿಯಾಗಿದ್ದರೆ ಉಪಯೋಗವಿಲ್ಲ. ಎಂಟು ಅಲಗುಗಳಲ್ಲಿ ನಾಲ್ಕು ಒಂದೇ ಕ್ಷಣಕ್ಕೆ ನೀರು ಹಿಡಿದು ಒಂದೇ ಕ್ಷಣಕ್ಕೆ ಬಿಡಬೇಕು, ಇಲ್ಲವಾದರೆ ದೋಣಿ ಕುಳಿತಲ್ಲೇ ಒಮ್ಮೆ ತಡವರಿಸುತ್ತದೆ. ಆ ತಡವರಿಕೆ ಪೃಷ್ಠಕ್ಕೆ, ಬೆನ್ನಿಗೆ ತಟ್ಟಿ ತಿಳಿಯುತ್ತದೆ. ಜಗತ್ತಿನ ಅತಿ ವೇಗದ ಪಟುವಿಗೆ ತನ್ನ ಲಯವನ್ನು ಇನ್ನೂ ಮೂವರೊಡನೆ ಹಂಚಿಕೊಳ್ಳುವುದು ಹೊಸದಾಗಿ ಅಕ್ಷರ ಕಲಿತಂತೆಯೇ ಸರಿ. 2024ರ ಆಗಸ್ಟ್ 8ರಂದು ಕೆ-4, 9ರಂದು ಹಾಸ್ಕಿನ್ ಜೊತೆ ಕೆ-2, 10ರಂದು ಒಬ್ಬರೇ ಕೆ-1; ಮೂರು ದಿನ, ಮೂರು ಚಿನ್ನ. ಒಟ್ಟು ಎಂಟು ಚಿನ್ನ, ಒಂದು ಕಂಚು. ಅವುಗಳಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು 8ನೇ ತಾರೀಕಿನದು.

ಉತ್ತರ: ದಡದ ಲೆಕ್ಕ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಪ್ರೇರಣೆ ಒಬ್ಬರ ಎದೆಯೊಳಗೆ ತಾನಾಗಿಯೇ ಹುಟ್ಟಿ ಉಳಿಯುವಂಥದ್ದು ಎಂದು ಮಗುವಿಗೆ ಹೇಳಬೇಡಿ ಎಂಬುದು ನನ್ನ ವಿನಂತಿ. ಹದಿಮೂರು ವರ್ಷ ಒಬ್ಬರು ಪ್ರತಿದಿನ ನೀರಿಗಿಳಿಯಬೇಕಾದರೆ ಒಬ್ಬನೇ ತರಬೇತುದಾರ ಅಷ್ಟು ಕಾಲ ಜೊತೆಗಿರಬೇಕು, ದೇಶ ಹಣ ಒದಗಿಸಬೇಕು, ತಂಡದೊಳಗೇ ಪೈಪೋಟಿ ಇರಬೇಕು. ಈ ಕೊನೆಯದು ಬಹಳ ಮುಖ್ಯ. 2021ರಲ್ಲಿ ಟೋಕಿಯೊ ಮುಗಿದ ಬಳಿಕ ಕೋಪನ್‌ಹೇಗನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆ-1 500 ಮೀಟರ್ ಗೆದ್ದವರು ಅದೇ ನ್ಯೂಜಿಲೆಂಡಿನ ಏಮೀ ಫಿಶರ್. ಹೀಗಾಗಿ ಮರುವರ್ಷ ಸ್ವಂತ ದೇಶದ ಸ್ಥಾನಕ್ಕಾಗಿಯೇ ಒಲಿಂಪಿಕ್ ಚಾಂಪಿಯನ್ ಮತ್ತು ವಿಶ್ವ ಚಾಂಪಿಯನ್ ಎದುರುಬದುರಾಗಿ ಸ್ಪರ್ಧಿಸಬೇಕಾಯಿತು. ಆ ಆಯ್ಕೆಯಲ್ಲಿ ಕ್ಯಾರಿಂಗ್ಟನ್ ಮುಂದೆ ಬಂದರು. ಹೆಸರಿನ ಬಲದಿಂದ ಸ್ಥಾನ ಸಿಗಲಿಲ್ಲ, ಮತ್ತೆ ಗೆದ್ದು ಪಡೆಯಬೇಕಾಯಿತು. ಅವರನ್ನು ಎಬ್ಬಿಸಿದ್ದರಲ್ಲಿ ಫಿಶರ್ ಅವರ ಪಾಲು ದೊಡ್ಡದೆಂದು ನಾನು ಭಾವಿಸುತ್ತೇನೆ.

ನಮ್ಮಲ್ಲೂ ಶೂನ್ಯವಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಮ್ ಇಬ್ಬರ ಕನೂ (ಒಂದೇ ಅಲಗಿನ ಹುಟ್ಟಿನಿಂದ ನಡೆಸುವ ದೋಣಿ) 1000 ಮೀಟರ್‌ನಲ್ಲಿ ಕಂಚು ತಂದರು; ಪ್ರಾಚಿ ಯಾದವ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಫೈನಲ್ ತಲುಪಿದರು. ನಿಮ್ಮ ಮಗಳು ನ್ಯೂಜಿಲೆಂಡಿನವರ ಜೊತೆಗೆ ಇವರ ಸ್ಪರ್ಧೆಗಳನ್ನೂ ನೋಡಲಿ.

ಉತ್ತರ: ಅಳಿವೆಯ ದಂಡೆ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ರಿಯೊದ ಕಂಚಿನ ವಿಷಯ ಬಂದಾಗ ತಡೆದು, ಆ ಭಾಗವನ್ನು ಮತ್ತೊಮ್ಮೆ ಓದಿಸಿದಳು. ಏಮೀ ಫಿಶರ್ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ಒಂದೇ ದೇಶದವರು ಒಂದೇ ಸ್ಥಾನಕ್ಕೆ ಹೋರಾಡಿದರೆ ಆಮೇಲೆ ಮಾತಾಡಿಕೊಳ್ಳುತ್ತಾರೆಯೇ ಎಂದು ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಇವತ್ತು ಬೆಳಿಗ್ಗೆ ಇಳಿತದ ಹೊತ್ತಿನಲ್ಲಿ ಪಕ್ಕದ ಮನೆಯ ಹುಡುಗಿಯನ್ನೂ ಕರೆದುಕೊಂಡು ಇಬ್ಬರು ಕೂರುವ ಕಯಾಕ್ ಇಳಿಸಿದ್ದಳು. ಮೊದಲ ಅರ್ಧ ಗಂಟೆ ಇಬ್ಬರ ಹುಟ್ಟುಗಳೂ ಒಂದಕ್ಕೊಂದು ತಾಗುತ್ತಿದ್ದವು; ದಡದಲ್ಲಿ ನಿಂತ ನನಗೆ ಅದರ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಆಮೇಲೆ ಕಾಂಡ್ಲಾ ಗಿಡಗಳ ತಿರುವಿನ ಹತ್ತಿರ ಆ ಸದ್ದು ನಿಂತಿತು.