ಹದಿಹರೆಯದ ಪ್ರೇಮಕಾದಂಬರಿಯನ್ನು ಸವಿಯಲು ಅದರಲ್ಲಿ ಸಾಹಿತ್ಯಗುಣ ಇರಲೇಬೇಕೇ?

ಕನ್ನಡ ಟೀಚರ್, ತುಮಕೂರು

ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ಅಕೌಂಟೆನ್ಸಿ ಪುಸ್ತಕದ ಕೆಳಗಿಟ್ಟುಕೊಂಡು ಅವಳು ಓದುವುದು ‘ಟ್ವೈಲೈಟ್’ ಸರಣಿಯನ್ನು: ಹದಿನೇಳರ ಹುಡುಗಿಗೂ ರಕ್ತಪಿಶಾಚಿ ಕುಲದ ಹುಡುಗನಿಗೂ ಹುಟ್ಟುವ ಪ್ರೀತಿಯ ಕಥೆ, ಸ್ಟೆಫನಿ ಮೇಯರ್ ಬರೆದದ್ದು, ಮೊದಲ ಭಾಗ ಬಂದದ್ದು 2005ರಲ್ಲಿ. ಹೋದ ಭಾನುವಾರ ಮನೆಗೆ ಬಂದಿದ್ದ ನಮ್ಮ ಭಾವನವರು ಅದನ್ನು ತಿರುವಿಹಾಕಿ, “ಇದರಲ್ಲಿ ಸಾಹಿತ್ಯ ಅನ್ನೋದು ಎಲ್ಲಿದೆಯಮ್ಮ?” ಎಂದು ಕೇಳಿದರು. ಅವಳು ತಲೆಯೆತ್ತದೆ, “ನಾನು ಹುಡುಕ್ತಾ ಇಲ್ಲ ದೊಡ್ಡಪ್ಪ” ಎಂದಳು.

ದೊಡ್ಡವರೆದುರು ಇದೆಂಥ ಮಾತು ಎಂದು ಆ ಹೊತ್ತಿಗೆ ಗದರಿದೆನಾದರೂ, ರಾತ್ರಿ ಅಡುಗೆಮನೆ ಒಪ್ಪ ಮಾಡುವಾಗ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ತರಗತಿಯಲ್ಲಿ ರಸ, ಧ್ವನಿ, ಔಚಿತ್ಯ ಎಂದು ಪಾಠ ಹೇಳುವ ನಾನೂ ಬಿ.ಎಡ್. ಓದುವಾಗ ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೊಂದು ಪ್ರೇಮಕಾದಂಬರಿ ತಂದು ಓದಿದವಳೇ. ಅವುಗಳಲ್ಲಿ ಒಂದರ ಕೊನೆಯ ಹಾಳೆಯೇ ಹರಿದುಹೋಗಿತ್ತು. ನನಗಿಂತ ಮುಂಚೆ ಓದಿದವರಾರೋ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ “ಮದುವೆ ಆಗುತ್ತೆ, ಹೆದರಬೇಡಿ” ಎಂದು ಬರೆದಿಟ್ಟಿದ್ದರು. ಆ ಪುಸ್ತಕದ ಹೆಸರು ಮರೆತಿದೆ, ಆ ಬರಹ ಮರೆತಿಲ್ಲ. ಇಂಥ ಕಥೆಗಳನ್ನು ಸವಿಯುವುದಕ್ಕೆ ಸಾಹಿತ್ಯಗುಣದ ಅಗತ್ಯವಿದೆಯೇ, ಇಲ್ಲವೆಂದಾದರೆ ಕನ್ನಡ ಕಲಿಸುವ ತಾಯಿಯೊಬ್ಬಳು ಮಗಳಿಗೆ ಏನು ಹೇಳಬೇಕು ಎಂಬುದನ್ನು ತಿಳಿದವರು ತಿಳಿಸಬೇಕು.

ನಿವೃತ್ತ ಉಪನ್ಯಾಸಕ, ಕೋಲಾರ

ಮೇಡಂ, ತಮ್ಮ ಭಾವನವರು ಕೇಳಿದ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದಾಗಲೂ, ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದಾಗಲೂ, ಬಹುಪಾಲು ಜನರನ್ನು ಹಿಡಿದು ಕೂರಿಸಿದ್ದು ‘ಮುಂದೇನಾಯಿತು’ ಎಂಬ ಕುತೂಹಲವೇ ಹೊರತು ಕಾವ್ಯಮೀಮಾಂಸೆಯಲ್ಲ. 1908ರಲ್ಲಿ ನಮ್ಮ ಕೋಲಾರದಲ್ಲೇ ಹುಟ್ಟಿದ ಅ.ನ.ಕೃ. ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಹಿಡಿಸಿದರು. ಅವರ ಕೆಲವು ಕಾದಂಬರಿಗಳು ಅಶ್ಲೀಲವೆಂಬ ಕೂಗೆದ್ದಾಗ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಹೆಂಗಸರು ಬರೆದದ್ದನ್ನಂತೂ ‘ಅಡುಗೆಮನೆ ಸಾಹಿತ್ಯ’ವೆಂದು ಮೂಗುಮುರಿದವರಿಗೆ ಲೆಕ್ಕವಿಲ್ಲ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿಯವರನ್ನು ಮನೆಮನೆಯಲ್ಲಿ ಓದಿದ್ದು ಮೊದಲು, ವಿಶ್ವವಿದ್ಯಾಲಯದ ವಿದ್ವಾಂಸರು ಪ್ರಬಂಧ ಬರೆದದ್ದು ಆಮೇಲೆ.

ಹಾಗೆಂದು ಜನ ಮೆಚ್ಚಿದ್ದೆಲ್ಲ ಮುಂದೊಂದು ದಿನ ಸಾಹಿತ್ಯವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮುಕ್ಕಾಲು ಪಾಲು ರದ್ದಿಗೇ ಹೋಗುತ್ತದೆ. ಆದರೂ ತಮ್ಮ ಮಗಳು ಓದಲಿ, ಬಿಡಿ. ಇದು ಮೊದಲ ಮೆಟ್ಟಿಲು. ಇಲ್ಲಿಂದಲೇ ಅವಳು ಒಳ್ಳೆಯ ಸಾಹಿತ್ಯಕ್ಕೆ ಏರುತ್ತಾಳೆ.

ಶಿಡ್ಲಘಟ್ಟದ ಓದುಗ

ಗುರುಗಳು ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ, ಮೆಟ್ಟಿಲನ್ನು ಒಪ್ಪಲಾರೆ. ನಮ್ಮದು ರೇಷ್ಮೆ ಸಾಕುವ ಮನೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಹುಳುಗಳಿಗೆ ಹಸಿವು ಹೆಚ್ಚು, ರಾತ್ರಿ ಹೊತ್ತು ಮೀರಿದರೂ ಸೊಪ್ಪು ಹಾಕಬೇಕು. ನಮ್ಮಮ್ಮ ಒಂದು ಸಲ ಸೊಪ್ಪು ಹಾಕಿ ಮುಂದಿನ ಸಲಕ್ಕೆ ಕಾಯುವ ಹೊತ್ತಿನಲ್ಲಿ, ಹುಳುಮನೆಯ ಬಾಗಿಲ ಬಳಿ ಕೂತು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದರು. ಪುಟದ ಅಂಚಿಗೆ ಸೊಪ್ಪಿನ ಹಸಿರು ಕಲೆ ಹತ್ತಿರುತ್ತಿತ್ತು. ಅಮ್ಮ ಓದಿದ್ದು ಏಳನೇ ತರಗತಿ. ಮೂವತ್ತು ವರ್ಷ ಅವೇ ಪ್ರೇಮಕಥೆಗಳನ್ನು ಓದಿದರು, ಯಾವ ಮೆಟ್ಟಿಲನ್ನೂ ಹತ್ತಲಿಲ್ಲ. ಅವರ ಓದು ವ್ಯರ್ಥವಾಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಅವರು ಕುರುಡಾಗಿ ಮೆಚ್ಚುತ್ತಿದ್ದರು ಎಂದೂ ತಿಳಿಯಬೇಡಿ. “ಈ ವಾರ ಬರೀ ಸೀರೆ ಬಣ್ಣ ಹೇಳ್ಕೊಂಡು ಕಾಲಂ ತುಂಬಿಸವಳೆ” ಎಂದು ಲೇಖಕಿಯನ್ನು ಬೈದು, ಮುಂದಿನ ವಾರ ಪತ್ರಿಕೆ ಬರುವುದು ಒಂದು ದಿನ ತಡವಾದರೆ ನನ್ನನ್ನು ಎರಡು ಸಲ ಬಸ್‌ ಸ್ಟ್ಯಾಂಡಿಗೆ ಓಡಿಸುತ್ತಿದ್ದರು. ಬರವಣಿಗೆ ಸಪ್ಪೆಯೆಂದು ಗೊತ್ತಿತ್ತು, ಕಥೆಯೂ ಬೇಕಿತ್ತು. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರುತ್ತಿದ್ದವು. ಟೀಚರ್ ಮಗಳ ತಲೆಯಲ್ಲೂ ಇರಬಹುದು.

ಚಿಂತಾಮಣಿ, ಈಗ 28

ಆ ಸರಣಿಯನ್ನು ಹದಿನೇಳರಲ್ಲಿ ಒಂದು ಸಲ, ಹೋದ ವರ್ಷ ಇನ್ನೊಂದು ಸಲ ಓದಿದವಳಾಗಿ ಎರಡು ಮಾತು. ಸಾಹಿತ್ಯಗುಣ ಸೊನ್ನೆಯೆಂದು ನೀವೆಲ್ಲ ಓದುವ ಮೊದಲೇ ತೀರ್ಮಾನಿಸಿದಂತಿದೆ. ಎರಡನೇ ಭಾಗದಲ್ಲಿ ಹುಡುಗ ಅವಳನ್ನು ಬಿಟ್ಟುಹೋಗುತ್ತಾನೆ. ಆಮೇಲಿನ ಪುಟಗಳಲ್ಲಿ ಒಂದು ವಾಕ್ಯವೂ ಇಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂದು ಪುಟಕ್ಕೊಂದು ತಿಂಗಳ ಹೆಸರು, ಉಳಿದದ್ದೆಲ್ಲ ಖಾಲಿ. ಮೊದಲ ಸಲ ಓದುವಾಗ ಆ ಪುಟಗಳನ್ನು ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಹೇಳದೆ ಹೇಳುವುದನ್ನೇ ಅಲ್ಲವೇ ಟೀಚರ್, ನೀವು ತರಗತಿಯಲ್ಲಿ ಧ್ವನಿ ಎನ್ನುವುದು? ಉಳಿದ ಕಡೆ ಅವನ ಚೆಲುವನ್ನು ಹೇಳಿದ್ದನ್ನೇ ಹೇಳಿ ಬೇಸರ ಹಿಡಿಸುತ್ತಾರೆ ಎಂಬುದೂ ನಿಜ.

ಎರಡನೇ ಸಲ ಓದಿದಾಗ ನನ್ನನ್ನು ಚುಚ್ಚಿದ್ದು ಬೇರೆಯೇ. ಆ ಹುಡುಗ ರಾತ್ರಿ ಅವಳಿಗೆ ತಿಳಿಯದಂತೆ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ಹದಿನೇಳರಲ್ಲಿ ಅದು ನನಗೆ ಪ್ರೀತಿಯ ಪರಾಕಾಷ್ಠೆಯಾಗಿ ಕಂಡಿತ್ತು. ಈಗ, ಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಎಂದು ಎದ್ದು ನೋಡುವಂತಾಯಿತು. ಆದರೆ ಸಾಹಿತ್ಯಗುಣ ಹೆಚ್ಚಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎಂದು ಯಾರೂ ಹೇಳದಿರಲಿ. ಕಾಳಿದಾಸನ ದುಷ್ಯಂತನೂ ಮರದ ಮರೆಯಲ್ಲಿ ನಿಂತು, ಗಿಡಗಳಿಗೆ ನೀರೆರೆಯುವ ಶಕುಂತಲೆಯನ್ನು ಅವಳಿಗರಿವಿಲ್ಲದಂತೆ ನೋಡಿದವನೇ. ಆ ನಾಟಕವನ್ನು ಪಾಠ ಮಾಡುವಾಗ ನಮ್ಮ ಕಾಲೇಜಿನಲ್ಲಿ ಉಪಮೆಗಳನ್ನು ಎಣಿಸಿದರೇ ಹೊರತು, ಹೀಗೆ ಕದ್ದು ನೋಡಬಹುದೇ ಎಂದು ಯಾರೂ ಕೇಳಲಿಲ್ಲ. ಪುಸ್ತಕ ಸಾಹಿತ್ಯವೋ ಅಲ್ಲವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಅವನು ಹಾಗೆ ಕೂತದ್ದು ನಿನಗೆ ಇಷ್ಟವಾಯಿತೇ ಎಂದು ಮಗಳನ್ನು ಕೇಳಿ ನೋಡಿ. ಕೇಳುವ ಮೊದಲು ನೀವೂ ಓದಿರಬೇಕು. ಇಲ್ಲದಿದ್ದರೆ ಅದು ವಿಚಾರಣೆಯಾಗುತ್ತದೆ.

ಕನ್ನಡ ಟೀಚರ್, ತುಮಕೂರು

ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ಗುರುಗಳು ಕ್ಷಮಿಸಬೇಕು, ಮೆಟ್ಟಿಲಿನ ಮಾತನ್ನು ಮಗಳಿಗೆ ಹೇಳಹೊರಟಿದ್ದೆ. ಶಿಡ್ಲಘಟ್ಟದ ತಾಯಿಯವರ ವಿಷಯ ಓದಿದ ಮೇಲೆ ಸುಮ್ಮನಾದೆ. ಚಿಂತಾಮಣಿಯವರು ಹೇಳಿದಂತೆ ಮೊದಲ ಭಾಗವನ್ನು ಓದಲು ಕೊಡು ಎಂದು ಕೇಳಿದೆ. ಅವಳು ಕೊಂಚ ಅನುಮಾನದಿಂದಲೇ ಕೊಟ್ಟಳು. ಇಂಗ್ಲಿಷ್ ನನಗೆ ನಿಧಾನ, ಅರವತ್ತನೇ ಪುಟದ ಹತ್ತಿರ ಇದ್ದೇನೆ. ಆ ಊರಿನಲ್ಲಿ ಮಳೆ ಇನ್ನೂ ನಿಂತಿಲ್ಲ, ಹುಡುಗ ಸರಿಯಾಗಿ ಮಾತಾಡಿಯೂ ಇಲ್ಲ, ಆದರೆ ನಿನ್ನೆ ಎರಡನೇ ಪಾಳಿ ನೀರು ಬಿಟ್ಟದ್ದು ನನಗೆ ಗೊತ್ತಾಗದೆ ಸಂಪು ತುಂಬಿ ಹರಿಯಿತು.