ಎಚ್‌ಎಎಲ್ ಏರ್‌ಪೋರ್ಟನ್ನು 2007ರಲ್ಲಿ ಇದ್ದ ಹಾಗೆ ಸಿಮ್ಯುಲೇಟರ್‌ನಲ್ಲಿ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ವಿವೇಕನಗರ_ತಾರಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ವಿವೇಕನಗರದಲ್ಲಿ. ನಮ್ಮ ಮನೆ ಎಚ್‌ಎಎಲ್ ರನ್‌ವೇಗೆ ಹೆಚ್ಚುಕಡಿಮೆ ನೇರಕ್ಕೆ ಇತ್ತು. ಚಳಿಗಾಲದಲ್ಲಿ ವಿಮಾನಗಳು ನಮ್ಮ ತಾರಸಿ ಮೇಲೆ ಹಾದು ಇಳಿಯುತ್ತಿದ್ದವು. ಅಡುಗೆಮನೆಯಲ್ಲಿ ಪೇರಿಸಿಟ್ಟ ಸ್ಟೀಲ್ ತಟ್ಟೆಗಳು ಜಣಜಣ ಅನ್ನೋವು, ಟಿವಿಯಲ್ಲಿ ಗೆರೆ ಬರೋದು, ಅಮ್ಮ ಫೋನಿನಲ್ಲಿ ಮಾತಾಡ್ತಾ ಇದ್ದರೆ "ಒಂದ್ನಿಮಿಷ ಇರಿ, ವಿಮಾನ ಹೋಗ್ಲಿ" ಅಂತ ಹೇಳಿ ಸುಮ್ಮನಾಗುತ್ತಿದ್ದರು. ಅಪ್ಪ ಏರ್‌ಪೋರ್ಟಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. 2008ರ ಮೇ 24ರಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು, ಅಪ್ಪನ ಸ್ಟ್ಯಾಂಡೂ ಹೋಯ್ತು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಎಷ್ಟು ನಿಶ್ಶಬ್ದ ಇತ್ತು ಅನ್ನೋದು ನನಗೆ ಇನ್ನೂ ನೆನಪಿದೆ.

ಈಗ ನನ್ನ ಹತ್ತಿರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇದೆ, ಎಕ್ಸ್-ಪ್ಲೇನ್ 12 ಕೂಡ ಇದೆ. ಎರಡರಲ್ಲೂ ಎಚ್‌ಎಎಲ್ ರನ್‌ವೇ ಸಿಗುತ್ತದೆ. ಆದರೆ ಟರ್ಮಿನಲ್ ಜಾಗದಲ್ಲಿ ಯಾವುದೋ ಊರಿನ ಪೆಟ್ಟಿಗೆಯಂಥ ಕಟ್ಟಡ, ಸುತ್ತ ಇವತ್ತಿನ ಅಪಾರ್ಟ್‌ಮೆಂಟ್‌ಗಳು. ನನಗೆ ಬೇಕಿರೋದು ಆಗಿನ ಏರ್‌ಪೋರ್ಟ್. ಅಪ್ಪನಿಗೆ ಈಗ ವಯಸ್ಸಾಗಿದೆ, ಅವರಿಗೆ ಒಂದು ಸಲ ತೋರಿಸಬೇಕು ಅನ್ನೋ ಆಸೆ. ಬ್ಲೆಂಡರ್ (3ಡಿ ಮಾದರಿ ಮಾಡೋ ಸಾಫ್ಟ್‌ವೇರ್) ಸ್ವಲ್ಪ ಗೊತ್ತು, ಸೀನರಿ, ಅಂದ್ರೆ ಸಿಮ್ಯುಲೇಟರ್‌ನಲ್ಲಿ ಕಾಣೋ ನೆಲ, ಕಟ್ಟಡ, ಯಾವತ್ತೂ ಮಾಡಿಲ್ಲ. ಎಲ್ಲಿಂದ ಹಿಡಿಯಲಿ?

ಸೀನರಿ_ಸುಧಾ ಉತ್ತರಿಸಿದ್ದು:

ಮೊದಲು ತಾರೀಕು ಗೊತ್ತು ಮಾಡಿಕೊಳ್ಳಿ. "2007" ಅಂದ್ರೆ ಸಾಲದು, ತಿಂಗಳೂ ಬೇಕು. ಯಾಕೆ ಅಂದ್ರೆ ಆ ಎರಡು ಮೂರು ವರ್ಷದಲ್ಲಿ ಏಪ್ರನ್ (ಟರ್ಮಿನಲ್ ಮುಂದೆ ವಿಮಾನ ನಿಲ್ಲಿಸೋ ಜಾಗ) ಮೇಲೆ ನಿಲ್ಲೋ ವಿಮಾನಗಳ ಬಣ್ಣ ಪದೇ ಪದೇ ಬದಲಾಯ್ತು. 2005ರ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ಬರೀ "ಇಂಡಿಯನ್" ಆಯ್ತು, ಬಾಲದ ಮೇಲೆ ಕೋನಾರ್ಕದ ಚಕ್ರ ಬಂತು. ಇಂಡಿಗೊ ಹಾರೋಕೆ ಶುರು ಮಾಡಿದ್ದೇ 2006ರ ಆಗಸ್ಟ್‌ನಲ್ಲಿ. 2007ರ ಏಪ್ರಿಲ್‌ನಲ್ಲಿ ಏರ್ ಸಹಾರಾ ಜೆಟ್‌ಲೈಟ್ ಆಯ್ತು. ಡೆಕ್ಕನ್ ಕೂಡ ಅದೇ ವರ್ಷ ಕಿಂಗ್‌ಫಿಷರ್ ಕಡೆ ವಾಲಿತು. ತಿಂಗಳು ತಪ್ಪಿದರೆ ಗೊತ್ತಿರೋರ ಕಣ್ಣಿಗೆ ತಕ್ಷಣ ಬೀಳುತ್ತದೆ. ನನ್ನ ಕೇಳಿದ್ರೆ 2007ರ ಜನವರಿ ಹಿಡೀರಿ, ಸಹಾರಾ, ಡೆಕ್ಕನ್, ಕಿಂಗ್‌ಫಿಷರ್ ಎಲ್ಲಾ ಒಂದೇ ಏಪ್ರನ್ ಮೇಲೆ ಸಿಗುತ್ತವೆ. ಮೇಲಾಗಿ ಜನವರಿಯಲ್ಲಿ ಪೂರ್ವದ ಗಾಳಿ, ಅಂದ್ರೆ ರನ್‌ವೇ 09 (ಪಶ್ಚಿಮದಿಂದ ಪೂರ್ವಕ್ಕೆ ಇಳಿಯೋದು) ಬಳಕೆ, ಅಂದ್ರೆ ನಿಮ್ಮ ತಾರಸಿ ಮೇಲೇ ಲ್ಯಾಂಡಿಂಗ್.

ಎರಡನೇದು, ನಿಮ್ಮದು ಪುಣ್ಯ, ರನ್‌ವೇ ಇನ್ನೂ ಹಾಗೇ ಇದೆ. 3,306 ಮೀಟರ್ ಉದ್ದ, 61 ಮೀಟರ್ ಅಗಲ. ಸಾಮಾನ್ಯವಾಗಿ ರನ್‌ವೇಗಳು 45 ಮೀಟರ್ ಅಗಲ ಇರುತ್ತವೆ. ಅದಕ್ಕೇ ಇಲ್ಲಿ ಏರ್‌ಬಸ್ 320 ನಿಲ್ಲಿಸಿದರೆ ಎರಡೂ ಕಡೆ ಟಾರು ಜಾಸ್ತಿ ಕಾಣುತ್ತದೆ. ಅದೇ ಎಚ್‌ಎಎಲ್ ಗುರುತು, ಕಿರಿದು ಮಾಡಬೇಡಿ. ಎತ್ತರ ಸಮುದ್ರಮಟ್ಟದಿಂದ ಸುಮಾರು 888 ಮೀಟರ್. ನಾಲ್ಕಕ್ಷರದ ಕೋಡ್ ಈಗಲೂ ವಿಒಬಿಜಿ, ಹೊಸದಕ್ಕೆ ವಿಒಬಿಎಲ್. ಬಿಎಲ್‌ಆರ್ ಅನ್ನೋ ಮೂರಕ್ಷರದ್ದು ಮಾತ್ರ ದೇವನಹಳ್ಳಿಗೆ ಹೋಯ್ತು. ಹಾಗಾಗಿ ಹೊಸ ಏರ್‌ಪೋರ್ಟ್ ಸೃಷ್ಟಿಸೋ ತಲೆನೋವು ಇಲ್ಲ, ಇರೋದರ ಮೇಲೇ ಕೆಲಸ.

ಮೊದಲ ಸಲ ಅಂದ್ರೆ ಎಕ್ಸ್-ಪ್ಲೇನ್‌ನಲ್ಲೇ ಶುರು ಮಾಡಿ. ಅದಕ್ಕೆ ಸೀನರಿ ಮಾಡೋ ಸಾಫ್ಟ್‌ವೇರ್ ವರ್ಲ್ಡ್‌ಎಡಿಟರ್ ಉಚಿತ, ಒಂದು ವಾರದಲ್ಲಿ ಕೈ ಹಿಡಿಯುತ್ತದೆ. ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರೋ ದಾರಿ) ಎಳೀರಿ, ಎಕ್ಸ್‌ಕ್ಲೂಶನ್ ಝೋನ್ ಹಾಕಿ ತಾನಾಗೇ ಬರೋ ಕಟ್ಟಡಗಳನ್ನ ತೆಗೀರಿ, ಟರ್ಮಿನಲ್ಲನ್ನ ಬ್ಲೆಂಡರ್‌ನಲ್ಲಿ ಮಾಡಿ ಕೂರಿಸಿ. ಮೈಕ್ರೋಸಾಫ್ಟ್‌ನದ್ದು ಡೆವಲಪರ್ ಮೋಡ್‌ನಲ್ಲಿ ಮಾಡಬಹುದು, ಆದರೆ ನೆಲದ ಚಿತ್ರ ಇವತ್ತಿನ ಉಪಗ್ರಹದ್ದು. ಹಳೇ ಬೆಂಗಳೂರು ಬೇಕು ಅಂದ್ರೆ ಅದನ್ನೂ ನೀವೇ ಬದಲಾಯಿಸಬೇಕು. ಗೂಗಲ್ ಅರ್ಥ್ ಪ್ರೋದಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಕಣ್ಣಿಗೆ ಆಧಾರಕ್ಕೆ ಇಟ್ಟುಕೊಳ್ಳಿ, ಅದನ್ನೇ ಟೆಕ್ಸ್ಚರ್ (ನೆಲದ ಮೇಲೆ ಹೊದಿಸೋ ಚಿತ್ರ) ಮಾಡಿ ಹಂಚಬೇಡಿ, ಹಕ್ಕಿನ ತೊಂದರೆ ಬರುತ್ತದೆ.

ಮಾರತ್ತಹಳ್ಳಿ_27 ಉತ್ತರಿಸಿದ್ದು:

ನಾನು ರನ್‌ವೇಯ ಇನ್ನೊಂದು ತುದಿಯವನು! ನೀವು ಚಳಿಗಾಲದಲ್ಲಿ ನೋಡಿದ್ದನ್ನ ನಾವು ಮಳೆಗಾಲದಲ್ಲಿ ನೋಡಿದ್ದು. ಜೂನ್‌ನಿಂದ ಪಶ್ಚಿಮದ ಗಾಳಿ ಬೀಸಿದರೆ 27ಕ್ಕೆ, ಅಂದ್ರೆ ಅದೇ ರನ್‌ವೇಗೆ ಪೂರ್ವದ ಕಡೆಯಿಂದ ಲ್ಯಾಂಡಿಂಗ್, ಔಟರ್ ರಿಂಗ್ ರೋಡಿನ ಮೇಲೆ ಚಕ್ರ ಇಳಿಸಿಕೊಂಡು ಬರುತ್ತಿದ್ದವು. ಜನ ಗಾಡಿ ಪಕ್ಕಕ್ಕೆ ಹಾಕಿ, ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ನೋಡೋರು.

ಒಂದು ಲೆಕ್ಕ ಹೇಳ್ತೀನಿ, ಉಪಯೋಗಕ್ಕೆ ಬರಬಹುದು. ಮೂರು ಡಿಗ್ರಿ ಇಳಿಜಾರಿನಲ್ಲಿ ಬರೋ ವಿಮಾನ ಒಂದು ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿಯುತ್ತದೆ. ವಿವೇಕನಗರ ರನ್‌ವೇ ತುದಿಯಿಂದ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್. ಅಂದ್ರೆ ನಿಮ್ಮ ತಲೆ ಮೇಲೆ ಇನ್ನೂರು ಮೀಟರ್ ಚಿಲ್ಲರೆ. ಸಿಮ್ಯುಲೇಟರ್‌ನ ಡ್ರೋನ್ ಕ್ಯಾಮೆರಾವನ್ನ ನಿಮ್ಮ ತಾರಸಿ ಎತ್ತರಕ್ಕೆ ನಿಲ್ಲಿಸಿ, ಗಾಳಿಯನ್ನ ಪೂರ್ವಕ್ಕೆ ಇಟ್ಟು, ಬೇರೆ ವಿಮಾನಗಳನ್ನ ಬಿಟ್ಟು ನೋಡಿ. ಕಾಕ್‌ಪಿಟ್‌ನಲ್ಲಿ ಕೂತು ಇಳಿಸೋದಕ್ಕಿಂತ ಇದೇ ನಿಮಗೆ ಜಾಸ್ತಿ ಸಿಕ್ಕಬಹುದು ಅನ್ಸುತ್ತೆ. ನಮ್ಮಂಥವರು ಆ ಏರ್‌ಪೋರ್ಟನ್ನ ನೋಡಿದ್ದು ಕೆಳಗಿನಿಂದ ಅಲ್ವಾ.

ಹಳೇ_ರ‍್ಯಾಂಪ್ ಉತ್ತರಿಸಿದ್ದು:

ನಾನು ಅಲ್ಲಿ ಗ್ರೌಂಡ್ ಸ್ಟಾಫ್ ಆಗಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಯಾವ ಕಂಪನಿ ಅಂತ ಬೇಡ ಬಿಡಿ. ಟರ್ಮಿನಲ್ ಮಾಡುವಾಗ ಚೆಂದ ಮಾಡೋಕೆ ಹೋಗಬೇಡಿ ದಯವಿಟ್ಟು. ಕೊನೆಯ ವರ್ಷ ಒಂದು ಕೋಟಿಗೂ ಜಾಸ್ತಿ ಜನ ಅಲ್ಲಿಂದ ಓಡಾಡಿದ್ದಾರೆ. ಕಟ್ಟಡ ಅಷ್ಟು ಜನಕ್ಕೆ ಕಟ್ಟಿದ್ದೇ ಅಲ್ಲ. ಹಾಗಾಗಿ ಅಲ್ಲಿ ಇಕ್ಕಟ್ಟೇ ಮುಖ್ಯ. ಖಾಲಿ ಖಾಲಿ ಟರ್ಮಿನಲ್ ಮಾಡಿಟ್ಟರೆ ಅಲ್ಲಿ ಕೆಲಸ ಮಾಡಿದೋರು ಯಾರೂ ಗುರುತಿಸಲ್ಲ.

ಫಾರಿನ್ ಫ್ಲೈಟ್‌ಗಳೆಲ್ಲ ನಡುರಾತ್ರಿ ಬರೋವು. ರಾತ್ರಿ ಒಂದು ಗಂಟೆಗೆ ಹೊರಗೆ ಕಂಬಿ ಹಿಡಿದು ನಿಂತಿರೋ ಜನ, ಮಲ್ಲಿಗೆ ಹಾರ ತಂದಿರೋರು, ಹೆಸರು ಬರೆದ ರಟ್ಟು ಹಿಡಿದಿರೋ ಡ್ರೈವರ್‌ಗಳು, ನಿದ್ದೆಗಣ್ಣಿನ ಮಕ್ಕಳು. ಒಳಗಿಂದ ಟ್ರಾಲಿ ಹೊರಗೆ ಬರುವಾಗ ಬಾಗಿಲ ಪಟ್ಟಿ ಮೇಲೆ ಚಕ್ರ ಟಕ್ ಅನ್ನೋದು. ಜೊತೆಗೆ ದೀಪದ ಬಣ್ಣ ನೋಡ್ಕೊಳ್ಳಿ. ಆಗ ಎಲ್ಲಾ ಸೋಡಿಯಂ ದೀಪ, ಇಡೀ ಪಾರ್ಕಿಂಗ್ ಅರಿಶಿನದ ನೀರು ಚೆಲ್ಲಿದ ಹಾಗೆ ಇರೋದು. ಈಗಿನ ಬಿಳಿ ಎಲ್‌ಇಡಿ ಬಣ್ಣ ಹಾಕಿದರೆ ಅದು 2007 ಅಲ್ಲ. ಇನ್ನೊಂದು ಸಣ್ಣ ವಿಷಯ, ಸೈನ್‌ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದಾದರೆ ಆಗ "ಬ್ಯಾಂಗಲೋರ್". ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್‌ನಲ್ಲಿ. ಕನ್ನಡದಲ್ಲಿ ಯಾವಾಗಲೂ ಬೆಂಗಳೂರೇ. ಹೊರಗಿನ ರಸ್ತೆಗೆ ಬೋರ್ಡ್ ಹಾಕಿದ್ರೆ "ಏರ್‌ಪೋರ್ಟ್ ರೋಡ್" ಅಂತಷ್ಟೇ ಬರೀರಿ, "ಹಳೇ" ಅಂತ ಸೇರಿದ್ದು ಆಮೇಲೆ. ಅದನ್ನ ಓದುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ ನನಗೆ.

ತೇಜಸ್_ಅಭಿಮಾನಿ ಉತ್ತರಿಸಿದ್ದು:

ಒಂದು ಎಚ್ಚರಿಕೆ. ಎಚ್‌ಎಎಲ್ ಏರ್‌ಪೋರ್ಟ್ ಮುಚ್ಚಿದ್ದು ನಿಗದಿತ ಪ್ರಯಾಣಿಕ ವಿಮಾನಗಳಿಗೆ ಮಾತ್ರ. ಅಲ್ಲಿ ಈಗಲೂ ವಿಮಾನ ತಯಾರಾಗುತ್ತದೆ, ವಾಯುಪಡೆಯ ಪರೀಕ್ಷಾ ಹಾರಾಟ ನಡೆಯುತ್ತದೆ, ಗಣ್ಯರ ವಿಮಾನ ಇಳಿಯುತ್ತದೆ. ಮಾರುತ ಯುದ್ಧವಿಮಾನ 1961ರಲ್ಲಿ, ಧ್ರುವ ಹೆಲಿಕಾಪ್ಟರ್ 1992ರಲ್ಲಿ, ತೇಜಸ್ 2001ರ ಜನವರಿ 4ರಂದು ಮೊದಲು ನೆಲ ಬಿಟ್ಟಿದ್ದು ಇಲ್ಲೇ. ಹಾಗಾಗಿ ರಕ್ಷಣಾ ಭಾಗದ ಹ್ಯಾಂಗರ್‌ಗಳನ್ನ ಫೋಟೊ ಹುಡುಕಿ ಹುಡುಕಿ ಪಕ್ಕಾ ಮಾಡೋಕೆ ಹೋಗಬೇಡಿ. ಸಿಮ್ಯುಲೇಟರ್ ಲೈಬ್ರರಿಯಲ್ಲಿ ಸಿಗೋ ಸಾಧಾರಣ ಹ್ಯಾಂಗರ್ ಇಟ್ಟು ಬಿಡಿ. ನಿಮ್ಮ ಶ್ರಮ ಎಲ್ಲಾ ಪ್ರಯಾಣಿಕರ ಕಡೆಗೆ ಇರಲಿ.

ಇನ್ನೊಂದು ಮಾತು, ಮನಸ್ಸಿಗೆ ಬಂದಿದ್ದು ಹೇಳ್ತೀನಿ. ರನ್‌ವೇ 09ರ ಮುಂದೆ ಗಾಲ್ಫ್ ಮೈದಾನ ಬರುತ್ತದೆ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್ 605 ರನ್‌ವೇ ಮುಟ್ಟುವ ಮೊದಲೇ ಅಲ್ಲೇ ನೆಲಕ್ಕೆ ತಾಗಿತು, 146 ಜನರಲ್ಲಿ 92 ಜನ ಹೋದರು. ಸೀನರಿ ಹಂಚಿದ ಮೇಲೆ ಕೆಲವರು ಅದನ್ನ "ಚಾಲೆಂಜ್" ಮಾಡಿ ವಿಡಿಯೊ ಹಾಕ್ತಾರೆ. ನೀವು ಫೈಲಿನ ಜೊತೆಗಿನ ಟಿಪ್ಪಣಿಯಲ್ಲೇ ಬೇಡ ಅಂತ ಬರೆದುಬಿಡಿ. ಆ ಮನೆಯವರು ಇನ್ನೂ ಇದ್ದಾರೆ.

ಕೌಲೂನ್_ಭಟ್ ಉತ್ತರಿಸಿದ್ದು:

ಹಾಂಗ್‌ಕಾಂಗಿನಲ್ಲಿ ಕೆಲಸ ಮಾಡ್ತಾ ಇದ್ದೇನೆ, ಅಂಕೋಲಾ ಕಡೆಯವನು. ಇಲ್ಲಿಯ ಕೈ ಟಾಕ್ ಏರ್‌ಪೋರ್ಟ್ 1998ರ ಜುಲೈನಲ್ಲಿ ಮುಚ್ಚಿತು. ಇಷ್ಟು ವರ್ಷ ಆದರೂ ಪ್ರತಿ ಹೊಸ ಸಿಮ್ಯುಲೇಟರಿಗೂ ಯಾರಾದರೂ ಅದನ್ನ ಮತ್ತೆ ಕಟ್ಟುತ್ತಾರೆ. ಬೇರೆ ಬೇರೆ ಜನ ಮಾಡಿದ್ದು ಮೂರು ಹಾರಿಸಿ ನೋಡಿದ್ದೇನೆ, ಒಂದು ಮಾತ್ರ ಮನಸ್ಸಿಗೆ ಹಿಡಿಸಿತು. ಅದರಲ್ಲಿ ಟರ್ಮಿನಲ್ ಅಷ್ಟಕ್ಕಷ್ಟೆ. ಆದರೆ ಮಾಡಿದವರು ಕೌಲೂನ್ ಸಿಟಿಯ ಮನೆಗಳ ಮೇಲೆ ಜೀವ ಸುರಿದಿದ್ದರು. ಕೆಂಪು ಬಿಳಿ ಚೌಕದ ಬಣ್ಣ ಬಳಿದ ಗುಡ್ಡದ ಕಡೆಗೇ ಹೋಗಿ, ಕೊನೆಯಲ್ಲಿ ಕಣ್ಣಳತೆಯಲ್ಲೇ 47 ಡಿಗ್ರಿ ಬಲಕ್ಕೆ ತಿರುಗಿಸಿ ರನ್‌ವೇ 13ಕ್ಕೆ ಇಳಿಯಬೇಕು. ಆ ತಿರುವಿನಲ್ಲಿ ರೆಕ್ಕೆಯ ಕೆಳಗೆ ತಾರಸಿಗಳ ಆಂಟೆನಾ, ಒಣಹಾಕಿದ ಬಟ್ಟೆ ಕಾಣದಿದ್ದರೆ ಅದು ಕೈ ಟಾಕ್ ಅನ್ನಿಸೋದೇ ಇಲ್ಲ.

ಶಿಕಾಗೋದ ಮೆಗ್ಸ್ ಫೀಲ್ಡ್ ಕಥೆಯೂ ಹಾಗೇ. ಹಳೇ ಫ್ಲೈಟ್ ಸಿಮ್ಯುಲೇಟರ್ ತೆರೆದರೆ ನಾವೆಲ್ಲ ಮೊದಲು ನಿಲ್ಲುತ್ತಿದ್ದ ರನ್‌ವೇ ಅದೇ. 2003ರ ಮಾರ್ಚ್‌ನಲ್ಲಿ ಮೇಯರ್ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ ರನ್‌ವೇ ಮೇಲೆ ದೊಡ್ಡ ಗುಣಾಕಾರದ ಗುರುತಿನ ಹಾಗೆ ಅಗೆಸಿಬಿಟ್ಟರು, ನಿಂತಿದ್ದ 16 ವಿಮಾನಗಳು ಅಲ್ಲೇ ಸಿಕ್ಕಿಕೊಂಡವು. ಅದನ್ನ ಮತ್ತೆ ಕಟ್ಟಿದವರಲ್ಲಿ ಎಷ್ಟೋ ಜನ ಶಿಕಾಗೋ ನೋಡಿದವರೇ ಅಲ್ಲ.

ಹಾಗಾಗಿ ನನ್ನ ಸಲಹೆ, ಟರ್ಮಿನಲ್‌ಗೆ ಒಂದು ತಿಂಗಳು ಕೊಟ್ಟರೆ ದೊಮ್ಮಲೂರು, ಚಲ್ಲಘಟ್ಟ, ವಿವೇಕನಗರಕ್ಕೆ ಎರಡು ತಿಂಗಳು ಕೊಡಿ. ನೀರಿನ ಕಪ್ಪು ಸಿಂಟೆಕ್ಸ್ ಟ್ಯಾಂಕ್, ತೆಂಗಿನ ಮರ, ತಗಡಿನ ಶೀಟು, ಅಷ್ಟೇ ಸಾಕು. ನಾಲ್ಕೈದು ಮನೆ ಮಾಡಿ ತಿರುಗಿಸಿ ತಿರುಗಿಸಿ ಇಡಿ, ಅಷ್ಟು ಎತ್ತರದಿಂದ ಒಂದೇ ಥರ ಅಂತ ಗೊತ್ತಾಗಲ್ಲ. ನಿಮ್ಮ ಮನೆ ಮಾತ್ರ ಬೇರೆಯಾಗಿ ಮಾಡಿ.

ವಿವೇಕನಗರ_ತಾರಸಿ (ಹನ್ನೊಂದು ವಾರದ ನಂತರ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಧಾ ಅವರು ಹೇಳಿದ ಹಾಗೆ 2007ರ ಜನವರಿ ಹಿಡಿದೆ, ಎಕ್ಸ್-ಪ್ಲೇನ್‌ನಲ್ಲೇ ಮಾಡಿದೆ. ಏಪ್ರನ್ ಮತ್ತು ಟ್ಯಾಕ್ಸಿವೇ ಮುಗಿದಿವೆ, ಟರ್ಮಿನಲ್ ಮುಂಭಾಗ ಮುಕ್ಕಾಲು ಆಗಿದೆ. ಹ್ಯಾಂಗರ್‌ಗಳು ಲೈಬ್ರರಿಯವು. ಗಾಲ್ಫ್ ಮೈದಾನದ ಬಗ್ಗೆ ಟಿಪ್ಪಣಿ ಬರೆದಿದ್ದೇನೆ, ಅದು ಫೈಲಿನ ಮೊದಲ ಸಾಲಲ್ಲೇ ಇದೆ. ಹಳೇ_ರ‍್ಯಾಂಪ್ ಸರ್, ದೀಪದ ಬಣ್ಣವನ್ನ ಆರು ಸಲ ತಿದ್ದಿದೆ, ಈಗ ಪಾರ್ಕಿಂಗ್ ನೀವು ಹೇಳಿದ ಅರಿಶಿನದ ಬಣ್ಣಕ್ಕೆ ಬಂದಿದೆ. ನಮ್ಮ ಮನೆಯ ತಾರಸಿ ಮೇಲೆ ಅಮ್ಮ ಹಪ್ಪಳ ಒಣಗಿಸುತ್ತಿದ್ದ ಹಳೇ ಸೀರೆ ಕೂಡ ಹಾಸಿದ್ದೇನೆ, ನೇರಳೆ ಬಣ್ಣದ್ದು.

ಭಾನುವಾರ ಅಪ್ಪನಿಗೆ ತೋರಿಸಿದೆ. ಮೊದಲು ತಾರಸಿ ಮೇಲೆ ಕ್ಯಾಮೆರಾ ನಿಲ್ಲಿಸಿ ಒಂದು ಎಟಿಆರ್ (ಪ್ರೊಪೆಲರ್ ವಿಮಾನ) ಹಾಯಿಸಿದೆ. ಅವರು ಏನೂ ಮಾತಾಡಲಿಲ್ಲ, ತಲೆ ಮಾತ್ರ ಮೇಲೆತ್ತಿ ಕೋಣೆಯ ಸೂರು ನೋಡಿದರು. ಆಮೇಲೆ ಟರ್ಮಿನಲ್ ಮುಂದೆ ಕರೆದುಕೊಂಡು ಹೋದೆ. ಟ್ಯಾಕ್ಸಿಗಳನ್ನ ಸಾಲಾಗಿ ನಿಲ್ಲಿಸಿದ್ದೆ, ಅದಕ್ಕೇ ಎರಡು ದಿನ ಹಿಡಿದಿತ್ತು. ಕನ್ನಡಕ ಹಾಕಿಕೊಂಡು, ಸ್ಕ್ರೀನ್ ಹತ್ತಿರ ಬಂದು, ಬೆರಳಿಟ್ಟು ಹೇಳಿದರು: "ಗಾಡಿಗಳ ಮೂತಿ ಈ ಕಡೆಗಲ್ಲಪ್ಪ, ಆ ಕಡೆಗೆ. ಸಾಲು ಮುಂದಕ್ಕೆ ಹೋಗೋದು ಹೀಗೆ. ನನ್ನದು ಆ ಮರದ ಕೆಳಗೆ ನಿಲ್ತಿತ್ತು." ಅಲ್ಲಿ ನಾನು ಮರ ಹಾಕಿರಲಿಲ್ಲ. ಯಾವ ಮರ ಅಂತ ಕೇಳಿದೆ, ಮಳೆಮರ ಅಂದರು. ಕೆಳಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಅಂಟಂಟು ಕಾಯಿ ಬೀಳೋದಂತೆ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೀಬೇಕಾಗಿತ್ತಂತೆ.

ನಿನ್ನೆ ರಾತ್ರಿ ಗಾಡಿಗಳನ್ನೆಲ್ಲ ತಿರುಗಿಸಿದೆ, ಮರ ನೆಟ್ಟೆ. ಟರ್ಮಿನಲ್‌ನ ಆಗಮನದ ಕಡೆಯ ಗೋಡೆ ಯಾವ ಬಣ್ಣ ಇತ್ತು ಅಂತ ಯಾರಿಗಾದರೂ ಖಚಿತವಾಗಿ ನೆನಪಿದ್ದರೆ, ಅಥವಾ ಮನೆಯ ಆಲ್ಬಮ್‌ನಲ್ಲಿ ಯಾರನ್ನಾದರೂ ಕಳಿಸೋಕೆ ಹೋದಾಗ ತೆಗೆದ ಫೋಟೊ ಇದ್ದರೆ ದಯವಿಟ್ಟು ಹೇಳಿ. ಹಿಂದೆ ಗೋಡೆ ಒಂದು ಚೂರು ಕಂಡರೂ ಸಾಕು.